ಪಯಣಿಗನ ಗಂಟು

ಮನುಷ್ಯನಿಗೆ ಬೇಕಾದುದೆಷ್ಟು ಎಂಬುದು ಹಳೆಯ ಪ್ರಶ್ನೆ. ಮನೆಯಲ್ಲಿರುವಾಗ ಈ ಪ್ರಶ್ನೆಯು ಅವನನ್ನು ಅಷ್ಟಾಗಿ ಕಾಡುವುದಿಲ್ಲ. ಕಪಾಟು ತುಂಬಿದರೆ ಅಟ್ಟವುಂಟು. ಅಟ್ಟ ತುಂಬಿದರೆ ಹಿತ್ತಲಿನ ಕೋಣೆಯುಂಟು. ಬೇಕಾದುದೂ ಬೇಡವಾದುದೂ ಒಂದೇ ಮಾಡಿನ ಕೆಳಗೆ ಅನ್ಯೋನ್ಯವಾಗಿ ಕಾಲ ಕಳೆಯುತ್ತವೆ. ಆದರೆ ನಾಲ್ಕು ದಿನಗಳ ಪಯಣಕ್ಕೆಂದು ಪೆಟ್ಟಿಗೆಯ ಬಾಯಿ ತೆರೆದ ಕೂಡಲೆ ಆ ಪ್ರಶ್ನೆಯು ತಪ್ಪದೆ ಎದುರು ಬಂದು ನಿಲ್ಲುತ್ತದೆ. ಕೈಯಲ್ಲಿ ಹಿಡಿದ ಒಂದೊಂದು ವಸ್ತುವಿಗೂ ಬೇಕು ಅಥವಾ ಬೇಡವೆಂದು ಉತ್ತರ ಹೇಳಲೇಬೇಕಾಗುತ್ತದೆ. ಧರ್ಮವಿಚಾರಕ್ಕೆ ಇದು ಚಿಕ್ಕ ಸಂದರ್ಭವೆಂದು ಕೆಲವರಿಗೆ ತೋರಬಹುದು. ಚಿಕ್ಕ ಸಂದರ್ಭದಲ್ಲಿ ಉತ್ತರ ತೋಚದವನಿಗೆ ದೊಡ್ಡ ಸಂದರ್ಭದಲ್ಲಿ ಅದು ತಾನಾಗಿ ತೋಚೀತೆಂದು ನಂಬುವುದು ಕಷ್ಟ.

ಹಿಂದೆ ನಮ್ಮ ನಾಡಿನ ಗೃಹಸ್ಥರು ಕಡಲನ್ನೇರಿದರೆ ಅದಕ್ಕೆ ವ್ಯಾಪಾರವೋ ವಿದ್ಯೆಯೋ ಉದ್ಯೋಗವೋ ಕಾರಣವಾಗಿರುತ್ತಿತ್ತು. ಈಗ ಕೇವಲ ವಿಶ್ರಾಂತಿಗಾಗಿ ಹಡಗನ್ನೇರುವ ರೂಢಿಯು ಬೆಳೆದಿದೆ. 2021ರಿಂದೀಚೆಗೆ ಮುಂಬಯಿಯಿಂದ ಗೋವೆ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ವಿಹಾರನೌಕೆಗಳು ಸಂಚರಿಸಿವೆ. ಲಕ್ಷದ್ವೀಪವು ಕನ್ನಡ ನಾಡಿಗೆ ತೀರ ಅಪರಿಚಿತವಾದ ಸ್ಥಳವಲ್ಲ; ಅಲ್ಲಿಯ ಅಮೀನ್‌ದೀವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ದುಡಿದು ದಣಿದ ಗೃಹಸ್ಥನು ಮಡದಿ ಮಕ್ಕಳೊಡನೆ ನಾಲ್ಕು ದಿನ ಕಡಲ ಗಾಳಿಯನ್ನು ಸೇವಿಸಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ. ಸಂಸಾರವನ್ನು ಬಿಟ್ಟೋಡೆಂದು ಶರಣರು ಯಾರಿಗೂ ಹೇಳಲಿಲ್ಲ. ಆದುದರಿಂದ ಇಲ್ಲಿ ವಿಚಾರಕ್ಕೆ ಬರುವುದು ಹೋಗಬಹುದೆ ಎಂಬುದಲ್ಲ. ಎಷ್ಟನ್ನು ಹೊತ್ತು ಹೋಗಬೇಕು, ಹಾಗೆ ಹೊತ್ತುದು ಯಾರ ಹೆಗಲಿನ ಮೇಲೆ ಬೀಳುತ್ತದೆ ಎಂಬುದು.

ಹೊರಡುವ ಮನೆಯ ಸಿದ್ಧತೆಯನ್ನು ನೋಡಿದರೆ ವಿಷಯವು ತಿಳಿಯಾಗುತ್ತದೆ. ನಾಲ್ಕು ಹಗಲಿಗೆ ಹತ್ತು ಜೊತೆ ಬಟ್ಟೆ. ಸಂಜೆಯ ಭೋಜನಕ್ಕೆ ಬೇರೆ, ಭಾವಚಿತ್ರಕ್ಕೆ ಬೇರೆ. ವರ್ಷವೆಲ್ಲ ಬೆಚ್ಚಗಿರುವ ದ್ವೀಪಕ್ಕೆ ಉಣ್ಣೆಯ ಅಂಗಿ. ಹಡಗಿನಲ್ಲಿ ನಿರಾಮಿಷ ಭೋಜನ ದೊರೆಯುವುದೆಂದು ತಿಳಿದಿದ್ದರೂ ಡಬ್ಬಿ ಡಬ್ಬಿ ರೊಟ್ಟಿ, ಶೇಂಗಾ ಚಟ್ನಿ, ಉಂಡಿ. ಬಟ್ಟೆ ಸುಕ್ಕಾದೀತೆಂದು ಇಸ್ತ್ರಿಪೆಟ್ಟಿಗೆ, ಚಹಾ ಬೇಕಾದೀತೆಂದು ನೀರು ಕಾಯಿಸುವ ವಿದ್ಯುತ್ ಪಾತ್ರೆ. ಬೆಂಕಿಯ ಭಯದಿಂದ ಈ ಎರಡು ವಸ್ತುಗಳನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವೆಂಬುದು ತಪಾಸಣೆಯ ಬಾಗಿಲಿನಲ್ಲಿ ಗೊತ್ತಾಗುತ್ತದೆ. ಕೊನೆಗೆ ಪೆಟ್ಟಿಗೆಯ ಮೇಲೆ ಮಗುವನ್ನು ಕೂರಿಸಿ ಬೀಗ ಹಾಕುವುದೂ ಉಂಟು.

ಇದಕ್ಕೆ ಗೃಹಸ್ಥನು ಕೊಡುವ ಸಮಾಧಾನವೊಂದಿದೆ. ದೇಶದೊಳಗಿನ ವಿಮಾನಗಳಲ್ಲಿಯಾದರೆ ಸಾಮಾನ್ಯವಾಗಿ 15 ಕಿಲೋಗ್ರಾಮಿನ ಕಟ್ಟಳೆಯುಂಟು. ಹಡಗಿನಲ್ಲಿ ಅಂತಹ ಬಿಗಿಯಿಲ್ಲ. ಸಾವಿರಾರು ಟನ್ನುಗಳ ಹಡಗಿಗೆ ಒಂದು ಪೆಟ್ಟಿಗೆ ಹೆಚ್ಚಾದರೇನು, ಕಡಿಮೆಯಾದರೇನು? ಕಡಲಿಗೆ ಅದು ತಿಳಿಯುವುದೆ?

ಈ ಮಾತಿಗೆ ಹಡಗಿನ ಹೊರಮೈಯಲ್ಲಿಯೇ ಉತ್ತರ ಬರೆದಿದೆ. ಸರಕು ಸಾಗಿಸುವ ಹಡಗಿನ ಪಕ್ಕೆಯಲ್ಲಿ ನೀರಿನ ಮಟ್ಟಕ್ಕೆ ಸಮೀಪವಾಗಿ ಒಂದು ವೃತ್ತವನ್ನೂ ಅದನ್ನು ಅಡ್ಡಲಾಗಿ ಸೀಳಿದ ಒಂದು ಗೆರೆಯನ್ನೂ ಕಾಣಬಹುದು. ಆ ಗೆರೆಯು ಮುಳುಗುವಷ್ಟು ಭಾರವನ್ನು ಹೇರಕೂಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೆಲವು ಹಡಗುದಾರರು ಮಿತಿಮೀರಿ ಸರಕು ತುಂಬಿ ಕಳುಹಿಸುತ್ತಿದ್ದರು. ಹಡಗು ಮುಳುಗಿದರೆ ವಿಮೆಯ ಹಣ ಒಡೆಯನಿಗೆ ಬರುತ್ತಿತ್ತು; ನೀರುಪಾಲಾಗುತ್ತಿದ್ದವರು ನಾವಿಕರು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಸ್ಯಾಮ್ಯುಯೆಲ್ ಪ್ಲಿಮ್‌ಸೊಲ್ ಎಂಬಾತನು ಈ ಅನ್ಯಾಯದ ವಿರುದ್ಧ ಹೋರಾಡಿದ ಫಲವಾಗಿ 1876ರ ಕಾನೂನು ಈ ಗೆರೆಯನ್ನು ಕಡ್ಡಾಯ ಮಾಡಿತು. ಆದರೆ ಅದರಲ್ಲೊಂದು ಕೊರತೆ ಉಳಿದಿತ್ತು: ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಒಡೆಯನೇ ನಿಶ್ಚಯಿಸಬಹುದಾಗಿತ್ತು. ಒಬ್ಬನು ಅದನ್ನು ಹೊಗೆಯ ಕೊಳವೆಯ ಮೇಲೆ ಬರೆಯಿಸಿದನೆಂದು ಕಥೆಯುಂಟು. 1890ರ ದಶಕದಲ್ಲಿ ಕಾನೂನೇ ಆ ಸ್ಥಾನವನ್ನು ಗೊತ್ತುಮಾಡಿದ ಮೇಲೆ ಗೆರೆಗೆ ಬೆಲೆ ಬಂದಿತು. 1930ರಲ್ಲಿ ಅದು ರಾಷ್ಟ್ರಗಳ ನಡುವಿನ ಒಪ್ಪಂದವಾಯಿತು.

ಈ ಇತಿಹಾಸದಲ್ಲಿ ಗೃಹಸ್ಥನಿಗೆ ಪಾಠವುಂಟು. ತನ್ನ ಆಸೆಗೆ ತಾನೇ ಗೆರೆ ಎಳೆಯುವೆನೆಂದು ಎಲ್ಲರೂ ಹೇಳುತ್ತಾರೆ. ಬಹುಮಂದಿಯ ಗೆರೆಯು ಹೊಗೆಯ ಕೊಳವೆಯನ್ನೇರಿರುತ್ತದೆ. ಅಂದಿನ ಒಡೆಯನಿಗೆ ಭಾರವು ತಿಳಿಯದೆ ಇದ್ದುದೇಕೆ? ಅದು ಅವನ ಪ್ರಾಣದ ಮೇಲಿರಲಿಲ್ಲ, ಅನ್ಯರ ಪ್ರಾಣದ ಮೇಲಿತ್ತು. ಇಂದಿನ ಪಯಣಿಗನಿಗೂ ತನ್ನ ಪೆಟ್ಟಿಗೆಯ ಭಾರ ತಿಳಿಯುವುದಿಲ್ಲ. ಬಂದರಿನ ಬಾಗಿಲಲ್ಲಿ ಅವನು ಅದನ್ನು ಒಪ್ಪಿಸಿ ಕೈಬೀಸಿ ನಡೆಯುತ್ತಾನೆ. ಕೆಲವು ಗಂಟೆಗಳ ಮೇಲೆ ಅದು ಕೋಣೆಯ ಬಾಗಿಲಲ್ಲಿ ಬಂದು ನಿಂತಿರುತ್ತದೆ. ನಡುವೆ ಅದನ್ನು ಎತ್ತಿದವರು, ಎಳೆದವರು, ಓಣಿ ಓಣಿಗೆ ಹಂಚಿದವರು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವರಲ್ಲಿ ಗೋವೆಯ ಕಡೆಯವರಿರಬಹುದು, ಮಂಗಳೂರಿನ ಕಡೆಯವರೂ ಇರಬಹುದು. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ದುಡಿಯುವ ಜನ ಅವರು. ಕಡಲ ಕೆಲಸಗಾರರನ್ನು ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದವು ಅವರ ದುಡಿಮೆಗೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಳ ಮೇಲ್ಮಿತಿಯನ್ನು ವಿಧಿಸಿದೆ. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಮಿತಿಯೇ ಇಷ್ಟಿರುವಲ್ಲಿ ದುಡಿಮೆ ಎಷ್ಟೆಂಬುದನ್ನು ಊಹಿಸಬಹುದು. ಹಡಗಿಗೆ ಒಂದು ಪೆಟ್ಟಿಗೆ ತಿಳಿಯಲಿಕ್ಕಿಲ್ಲ. ಅದನ್ನೆತ್ತುವ ಬೆನ್ನಿಗೆ ತಿಳಿಯುತ್ತದೆ. ಕಾಯಕಕ್ಕೆ ಗೌರವ ಕೊಡಬೇಕೆಂದು ಕಲಿತವನು ಕಾಯಕ ಮಾಡುವವನ ಮೇಲೆ ನಿರರ್ಥಕವಾದ ಭಾರವನ್ನು ಹೇರುವುದು ಹೇಗೆ ಸರಿಯಾದೀತು?

ಹಾಗಾದರೆ ಪೆಟ್ಟಿಗೆ ಭಾರವಾಗುವುದು ಯಾವುದರಿಂದ? ಅವಶ್ಯಕತೆಯಿಂದಲೇ ಅದು ತುಂಬುವುದು ಅಪರೂಪ. ಒಳಗಿರುವುದನ್ನು ಬಿಡಿಸಿ ನೋಡಿದರೆ ಮೂರು ಬಗೆಯ ವಸ್ತುಗಳು ಕಾಣುತ್ತವೆ. ಮೊದಲನೆಯದು ಬೇಕಾದುದು. ಎರಡನೆಯದು ಭಯದಿಂದ ತುಂಬಿದುದು: ಮಳೆ ಬಂದರೆ, ಹಸಿವಾದರೆ, ಕಳೆದುಹೋದರೆ, ಹರಿದುಹೋದರೆ. ಒಂದೊಂದು ‘ಆದರೆ’ಗೂ ಒಂದೊಂದು ವಸ್ತು. ಮೂರನೆಯದು ಅನ್ಯರ ಕಣ್ಣಿಗಾಗಿ ತುಂಬಿದುದು; ನಿನ್ನೆಯ ಸೀರೆಯನ್ನೇ ಇಂದೂ ಉಟ್ಟರೆ ಊಟದ ಮನೆಯಲ್ಲಿ ಯಾರೇನೆಂದುಕೊಂಡಾರು ಎಂಬ ಅಳುಕು. ಹೆಸರು ಗೊತ್ತಿಲ್ಲದ, ಮತ್ತೆಂದೂ ಕಾಣದ ಜನರ ಮೆಚ್ಚುಗೆಗಾಗಿ ಮನುಷ್ಯನು ಅರ್ಧ ಪೆಟ್ಟಿಗೆಯನ್ನು ತುಂಬುತ್ತಾನೆ. ಬೇಕಾದುದಕ್ಕೆ ಅಳತೆಯುಂಟು. ಭಯಕ್ಕೂ ಡಂಭಕ್ಕೂ ಅಳತೆಯಿಲ್ಲ. ಎಷ್ಟು ತುಂಬಿದರೂ ಅವಕ್ಕೆ ಇನ್ನೂ ಜಾಗ ಬೇಕು.

ಪ್ರೀತಿಯೂ ಒಮ್ಮೊಮ್ಮೆ ಭಾರವಾಗುವುದುಂಟು. 1931ರ ಆಗಸ್ಟಿನಲ್ಲಿ ಗಾಂಧೀಜಿಯವರು ಎರಡನೆಯ ದುಂಡುಮೇಜಿನ ಪರಿಷತ್ತಿಗಾಗಿ ‘ರಾಜಪುತಾನಾ’ ಹಡಗಿನಲ್ಲಿ ಮುಂಬಯಿಯಿಂದ ಹೊರಟರು. ಜೊತೆಯವರು ಬಹಳ ಸಾಮಾನುಗಳನ್ನು ತಂದಿದ್ದುದು ಹಡಗು ಹೊರಟ ಮೇಲೆ ಅವರಿಗೆ ತಿಳಿಯಿತು. ಅದರಲ್ಲಿ ಮಿತ್ರರು ಪ್ರೀತಿಯಿಂದ ಕೊಟ್ಟುದೂ ಇತ್ತು. ಅವರು ಬಹಳವಾಗಿ ನೊಂದುಕೊಂಡರು. ಹೆಚ್ಚಿನ ಪೆಟ್ಟಿಗೆಗಳನ್ನು ಏಡನ್ ಬಂದರಿನಿಂದ ಹಿಂದಕ್ಕೆ ಕಳುಹಿಸಲಾಯಿತು. ಬಡವರ ಪ್ರತಿನಿಧಿಯಾಗಿ ಹೋಗುವವನ ಗಂಟು ಬಡವನ ಗಂಟಿನಂತೆ ಇರಬೇಕೆಂಬುದು ಅವರ ನಿಲುವು. ಗಂಟೂ ಒಂದು ಮಾತೇ ಆಗಿದೆ. ಬಾಯಿ ಹೇಳುವುದನ್ನು ಅದು ಸಮರ್ಥಿಸಬೇಕು, ಇಲ್ಲವೆ ಅಲ್ಲಗಳೆಯುತ್ತದೆ.

ಇದಕ್ಕೂ ಎಂಟು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ನಡೆಯಿತೆನ್ನುವ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ದಿನದ ಪ್ರಮಾಣಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ, ಭೋಗಕ್ಕೆ ತಂದುದೂ ಅಲ್ಲ. ಆದರೂ ಅವಳು ಒಪ್ಪಲಿಲ್ಲ. ನಾಳೆಯ ಭಯವು ಒಮ್ಮೆ ಮನೆಯೊಳಗೆ ಕಾಲಿಟ್ಟರೆ ಒಳ್ಳೆಯ ಉದ್ದೇಶದ ಹೆಸರಿನಲ್ಲಿಯೇ ಬೆಳೆಯುತ್ತ ಹೋಗುತ್ತದೆಂಬುದನ್ನು ಅವಳು ಕಂಡಿದ್ದಳು. ಮಾರಯ್ಯನ ಸೆರಗಿನಲ್ಲಿದ್ದ ಹೆಚ್ಚಿನ ಹಿಡಿ ಅಕ್ಕಿಗೂ ಗೃಹಸ್ಥನ ಪೆಟ್ಟಿಗೆಯಲ್ಲಿರುವ ಹೆಚ್ಚಿನ ಐದು ಜೊತೆ ಬಟ್ಟೆಗೂ ಮೂಲ ಒಂದೇ.

ಇಲ್ಲಿ ಎಚ್ಚರವೂ ಬೇಕು. ಗಂಟು ಚಿಕ್ಕದಾದ ಮಾತ್ರಕ್ಕೆ ಮನುಷ್ಯನು ಹಗುರಾದನೆಂದು ತಿಳಿಯಲಾಗದು. ಹಣವುಳ್ಳವನು ಬರಿಗೈಯಲ್ಲಿ ಹೊರಟು, ಹೋದ ಹೋದಲ್ಲಿ ಎಲ್ಲವನ್ನೂ ಕೊಂಡು, ಉಪಯೋಗಿಸಿ ಎಸೆದು ಬರಬಲ್ಲನು. ಅದು ಸರಳತೆಯಲ್ಲ, ಥೈಲಿಯ ಬಲ. ಬಡವನು ದೊಡ್ಡ ಗಂಟನ್ನು ಹೊರುವುದು ದಾರಿಯಲ್ಲಿ ಕೊಳ್ಳಲಾರನೆಂಬ ಕಾರಣಕ್ಕೆ, ಅದು ದುರಾಸೆಯಲ್ಲ. ತಾನು ಹಗುರವಾಗಿ ಬಂದು ಜೊತೆಯವರ ಹೊದಿಕೆ, ಔಷಧ, ಛತ್ರಿಗಳನ್ನು ಎರವಲು ಬೇಡುವವನು ತನ್ನ ಭಾರವನ್ನು ಅವರ ಗಂಟಿನಲ್ಲಿ ಕಟ್ಟಿಸಿದಂತಾಯಿತು. ವೃದ್ಧ ತಾಯಿಯ ಊರುಗೋಲು, ರೋಗಿಯ ಔಷಧ, ಮಗುವಿನ ಹೊದಿಕೆ ಇವುಗಳನ್ನು ಸರಳತೆಯ ಹೆಸರಿನಲ್ಲಿ ಮನೆಯಲ್ಲಿ ಬಿಟ್ಟು ಹೋಗುವುದು ಧರ್ಮವಲ್ಲ, ನಿಷ್ಕಾರುಣ್ಯ. ಹಡಗಿಗೂ ಎಲ್ಲ ಕಾಲಕ್ಕೆ ಒಂದೇ ಗೆರೆಯಿಲ್ಲ. ಉಷ್ಣವಲಯದ ಕಡಲಿಗೊಂದು, ಬೇಸಗೆಗೊಂದು, ಚಳಿಗಾಲದ ಬಿರುಗಡಲಿಗೊಂದು. ಹಾಗೆಯೇ ಒಬ್ಬೊಬ್ಬರ ಅವಶ್ಯಕತೆ ಒಂದೊಂದು ಬಗೆ. ಅನ್ಯರ ಪೆಟ್ಟಿಗೆಯನ್ನು ತೂಗಿ ನೋಡುವುದು ಯಾರ ಕಾಯಕವೂ ಅಲ್ಲ. ತನ್ನದನ್ನು ತೂಗಿಕೊಂಡರೆ ಸಾಕು.

ಲಕ್ಷದ್ವೀಪದ ಪಯಣವು ಈ ತೂಕವನ್ನು ತಾನೇ ಮಾಡಿಸುತ್ತದೆ. ದ್ವೀಪಗಳ ಸುತ್ತ ಹವಳದ ದಿಬ್ಬಗಳೂ ಆಳವಿಲ್ಲದ ನೀರೂ ಇರುವುದರಿಂದ ದೊಡ್ಡ ಹಡಗು ದಡಕ್ಕೆ ಬರಲಾರದು; ದೂರದಲ್ಲಿಯೇ ನಿಲ್ಲುತ್ತದೆ. ಪಯಣಿಗರು ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಆ ಅಲುಗಾಡುವ ದೋಣಿಯಲ್ಲಿ ಕಾಲಿಡುವಾಗ ಕೈಗಳೆರಡೂ ಬಿಡುವಾಗಿರಬೇಕಾಗುತ್ತದೆ. ಹತ್ತು ಜೊತೆ ಬಟ್ಟೆ ತಂದವನೂ ಎರಡು ಜೊತೆ ತಂದವನೂ ಒಂದೊಂದು ಕೈಚೀಲದೊಡನೆಯೇ ದಡ ಸೇರುತ್ತಾರೆ. ಆ ಚಿಕ್ಕ ನೆಲಕ್ಕೆ ಅಕ್ಕಿಯೇ ಮೊದಲಾದುದೆಲ್ಲ ಹಡಗಿನ ಮೇಲೆ ಬರಬೇಕು; ಅಲ್ಲಿ ಎಸೆದ ಕಸವನ್ನು ಹೊರಸಾಗಿಸಲೂ ಹಡಗೇ ಬೇಕು. ಪ್ಲಾಸ್ಟಿಕ್ ವಸ್ತುಗಳನ್ನು ಹಡಗಿನಿಂದ ಕಡಲಿಗೆ ಎಸೆಯುವುದನ್ನು ರಾಷ್ಟ್ರಗಳ ಒಪ್ಪಂದವು 1988ರಿಂದ ನಿಷೇಧಿಸಿದೆ. ಪೊಟ್ಟಣಗಳನ್ನು ತಂದವನು ಖಾಲಿ ಪೊಟ್ಟಣಗಳನ್ನು ಹಿಂದಕ್ಕೆ ಒಯ್ಯುವ ಹೊಣೆಯನ್ನೂ ತಂದಿರುತ್ತಾನೆ.

ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೆ ಪಯಣಿಗರೆಲ್ಲರಿಗೂ ಅಪಾಯಕಾಲದ ಅಭ್ಯಾಸವನ್ನು ಮಾಡಿಸುವ ನಿಯಮವಿದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾನ್‌ಕಾರ್ಡಿಯಾ’ ಎಂಬ ವಿಹಾರನೌಕೆಯು ಬಂಡೆಗೆ ತಾಗಿ ಒರಗಿ 32 ಜನರು ಮಡಿದ ತರುವಾಯ ಈ ನಿಯಮವು ಬಿಗಿಯಾಯಿತು. ಸಂಕಟದ ಕರೆ ಕೇಳಿದಾಗ ಪೆಟ್ಟಿಗೆಗಳನ್ನು ಬಿಟ್ಟು, ಪ್ರಾಣರಕ್ಷಕ ಅಂಗಿಯನ್ನು ತೊಟ್ಟು, ಗೊತ್ತಾದ ಸ್ಥಳಕ್ಕೆ ಬಂದು ನಿಲ್ಲಬೇಕೆಂಬುದೇ ಅದರ ಸಾರ. ಆಗ ಯಾವನೂ ಸೀರೆಗಳನ್ನು ಎಣಿಸುವುದಿಲ್ಲ; ಮಕ್ಕಳ ತಲೆಗಳನ್ನು ಎಣಿಸುತ್ತಾನೆ. ಯಾವುದು ಮುಖ್ಯವೆಂಬುದು ಅವನಿಗೆ ಮೊದಲೇ ತಿಳಿದಿತ್ತು. ಶಾಂತಿಯ ಕಾಲದಲ್ಲಿ ಅದನ್ನು ಮರೆತಿದ್ದನಷ್ಟೆ. ಗಂಟು ಕಟ್ಟುವ ಸಂಜೆಯೇ ಅದನ್ನು ನೆನೆಯುವುದು ಲೇಸಲ್ಲವೆ?

ನಾಲ್ಕು ದಿನದ ಕಡಲಯಾನಕ್ಕೆ ಬೇಕಾದುದು ಬಹಳವೇನಿಲ್ಲ. ಒಗೆದರೆ ಬೇಗ ಒಣಗುವ ಮೂರು ಜೊತೆ ಹತ್ತಿಯ ಬಟ್ಟೆ, ಯಂತ್ರದಿಂದ ತಂಪುಗೊಳಿಸಿದ ಕೋಣೆಗಳಿಗಾಗಿ ಒಂದು ಶಾಲು, ಬಿಸಿಲಿಗೆ ಟೊಪ್ಪಿಗೆ, ಜಾರದ ಪಾದರಕ್ಷೆ. ಔಷಧವೂ ಗುರುತಿನ ಪತ್ರಗಳೂ ಕೈಚೀಲದಲ್ಲಿಯೇ ಇರತಕ್ಕದ್ದು, ಏಕೆಂದರೆ ಪೆಟ್ಟಿಗೆ ಕೋಣೆಗೆ ತಲಪಲು ಹೊತ್ತು ಹಿಡಿಯಬಹುದು. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗಿಡುವ ಪದ್ಧತಿ ಬಹಳ ಹಡಗುಗಳಲ್ಲಿರುವುದರಿಂದ ಬೆಳಗಿನ ಬಟ್ಟೆಯನ್ನು ತೆಗೆದಿರಿಸಿಕೊಳ್ಳಬೇಕು. ಪೂಜೆಯ ವಿಷಯದಲ್ಲಿ ಲಿಂಗವಂತನಿಗೆ ಚಿಂತೆಯೇ ಇಲ್ಲ. ಬೆಂಕಿಯ ಭಯದಿಂದ ಹಡಗಿನಲ್ಲಿ ದೀಪ ಧೂಪಗಳಿಗೆ ಅವಕಾಶವಿರುವುದಿಲ್ಲ. ಆದರೆ ಅಂಗದ ಮೇಲೆ ಇಷ್ಟಲಿಂಗವಿರುವವನು ದೇವರಮನೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿ ಒಯ್ಯಬೇಕಾಗಿಲ್ಲ. ಒಂದು ವಿಭೂತಿಗಟ್ಟಿ, ಸ್ವಲ್ಪ ನೀರು, ಏಕಾಗ್ರವಾದ ಮನಸ್ಸು ಇದ್ದರೆ ಸಾಕು. ನಡೆದಾಡುವವನಿಗೆ ತಕ್ಕ ಪೂಜೆಯನ್ನು ಹಿರಿಯರು ಮೊದಲೇ ಕಲ್ಪಿಸಿಕೊಟ್ಟಿದ್ದಾರೆ.

ಜಂಗಮವೆಂದರೆ ಚಲಿಸುವುದು. ಚಲಿಸುವುದಕ್ಕೆ ಹಗುರಾಗಿರಬೇಕು. ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಯಾರಿಗಾಗಿ, ಇದನ್ನು ಯಾರು ಹೊರುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಹೆಚ್ಚಿನದೆಲ್ಲ ತಾನಾಗಿ ಕಪಾಟಿಗೆ ಮರಳುತ್ತದೆ. ಪಯಣ ಮುಗಿಸಿ ಮನೆಗೆ ಬಂದ ಮೇಲೆ, ಅಷ್ಟರಿಂದಲೇ ನಾಲ್ಕು ದಿನ ಸುಖವಾಗಿ ಕಳೆದುದನ್ನು ನೆನೆದು ಅದೇ ಪ್ರಶ್ನೆಗಳನ್ನು ಕಪಾಟಿನ ಮುಂದೆಯೂ ಅಟ್ಟದ ಕೆಳಗೂ ನಿಂತು ಕೇಳಿಕೊಳ್ಳುವ ಗೃಹಸ್ಥನಿಗೆ ಆ ಯಾನವು ವಿಶ್ರಾಂತಿಗಿಂತ ಹೆಚ್ಚಿನ ಫಲವನ್ನು ಕೊಟ್ಟಂತಾಗುತ್ತದೆ.