ಹಿಡಿಯತಕ್ಕದ್ದು, ಬಿಡತಕ್ಕದ್ದು

ಮನೆತನವನ್ನು ನಡೆಸುವ ಹಿರಿಯನಿಗೂ, ಮಠದ ವಿದ್ಯಾರ್ಥಿನಿಲಯದ ಕಾರ್ಯಭಾರ ಹೊತ್ತವನಿಗೂ, ಊರಿನ ಸಹಕಾರಿ ಸಂಘದ ಅಧ್ಯಕ್ಷನಿಗೂ ಒಂದಿಲ್ಲೊಂದು ದಿನ ಎದುರಾಗುವ ಧರ್ಮಸಂಕಟವೊಂದುಂಟು. ಕಾಲ ಬದಲಾಗಿದೆ, ಮುಂದಿನ ದಾರಿ ಕಾಣದು, ಜೊತೆಯವರು ಎರಡು ಪಕ್ಷವಾಗಿದ್ದಾರೆ. ಆಗ ಹಿರಿಯನಾದವನು ತನ್ನ ನಂಬಿಕೆಯನ್ನೇ ಹಿಡಿದು ನಿಲ್ಲಬೇಕೋ, ಜೊತೆಯವರ ಇಚ್ಛೆಗೆ ಮಣಿಯಬೇಕೋ? ನಿಂತರೆ ಹಟಮಾರಿಯೆನ್ನುವರು, ಮಣಿದರೆ ದುರ್ಬಲನೆನ್ನುವರು. ಬರಿಯ ತರ್ಕದಿಂದ ಇದನ್ನು ಬಿಡಿಸುವುದಕ್ಕಿಂತ, ನಡೆದುಹೋದ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. 1922ರಿಂದ 1925ರವರೆಗೆ ಮಹಾತ್ಮಾ ಗಾಂಧಿಯವರು ಕಾಂಗ್ರೆಸ್ ಸಂಸ್ಥೆಯನ್ನು ನಡೆಸಿದ ಬಗೆಯೇ ಆ ಪ್ರಸಂಗ. ಅದರ ಮುಖ್ಯ ಘಟ್ಟವೊಂದು ನಮ್ಮ ಬೆಳಗಾವಿಯಲ್ಲಿಯೇ ನಡೆಯಿತು.

ಅಸಹಕಾರ ಚಳವಳಿಯು ಏರುಮುಖದಲ್ಲಿದ್ದ ಕಾಲ. ಗುಜರಾತಿನ ಬಾರ್ಡೋಲಿ ತಾಲೂಕಿನಲ್ಲಿ ಸಾಮೂಹಿಕ ಕಾನೂನುಭಂಗಕ್ಕೆ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ, 1922ರ ಫೆಬ್ರುವರಿ ಮೊದಲ ವಾರದಲ್ಲಿ, ಗೋರಖಪುರ ಜಿಲ್ಲೆಯ ಚೌರಿಚೌರಾದಲ್ಲಿ ಗುಂಡಿನೇಟಿನಿಂದ ಕೆರಳಿದ ಜನರು ಪೊಲೀಸ್ ಠಾಣೆಗೆ ಬೆಂಕಿಯಿಟ್ಟರು. 20ಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಐದು ದಿನ ಉಪವಾಸ ಮಾಡಿದರು, ಕಾನೂನುಭಂಗದ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಸೆರೆಮನೆಯಲ್ಲಿದ್ದ ಮೋತಿಲಾಲ ನೆಹರೂ, ಲಾಲಾ ಲಜಪತರಾಯರಂಥವರು ಕುಪಿತರಾದರು. ಎಲ್ಲಿಯೋ ಒಂದೆಡೆ ನಡೆದ ತಪ್ಪಿಗೆ ದೇಶವನ್ನೆಲ್ಲ ದಂಡಿಸುವುದೇಕೆ ಎಂಬುದು ಅವರ ವಾದದ ತಿರುಳು. ಗಾಂಧೀಜಿ ಮಣಿಯಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ರಕ್ತ ಹರಿದ ಮೇಲೆ ಅದು ಅಭಿಪ್ರಾಯಭೇದದ ವಿಷಯವಾಗಿ ಉಳಿಯುವುದಿಲ್ಲವಾದ್ದರಿಂದ ಅವರು ಮಾಡಿದ್ದು ಸರಿಯೆಂದೇ ನಮ್ಮ ಎಣಿಕೆ.

ಆದರೂ ಹೀಗೆ ನಿಲ್ಲುವ ಹಿರಿಯನ ತಲೆಯ ಮೇಲೆ ಒಂದು ಋಣ ಉಳಿಯುತ್ತದೆ. ಠಾಣೆಯ ಮುಂದೆ ಸೇರಿದ್ದವರಲ್ಲಿ ಆ ಸಂಸ್ಥೆಯ ಕರೆಗೆ ಓಗೊಟ್ಟು ಬಂದ ಸ್ವಯಂಸೇವಕರೂ ಇದ್ದರು. ಆರೋಪಿಗಳಲ್ಲಿ 172 ಮಂದಿಗೆ ಕೆಳಗಿನ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಮದನಮೋಹನ ಮಾಳವೀಯರು ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ವಾದಿಸಿದರು; ಬಹುಮಂದಿಯ ಪ್ರಾಣ ಉಳಿಯಿತು, 19 ಮಂದಿ 1923ರಲ್ಲಿ ಗಲ್ಲಿಗೇರಿದರು. ತಪ್ಪನ್ನು ತಪ್ಪೆಂದು ಹೇಳಿ ದೂರ ನಿಲ್ಲುವುದು ಒಂದು ಕರ್ತವ್ಯ. ತಪ್ಪಿದವರ ಪಕ್ಕಕ್ಕೆ ಹೋಗಿ ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ಮಾಡಿದವನ ಪಾಲಿನ ಎರಡನೆಯದನ್ನು ಕೆಲವೊಮ್ಮೆ ಬೇರೊಬ್ಬರು ತೀರಿಸಬೇಕಾಗುತ್ತದೆ.

ಮುಂದೆ ಗಾಂಧೀಜಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಅವರು ಸೆರೆಯಲ್ಲಿದ್ದಾಗ ಸಂಸ್ಥೆ ಒಡೆಯಿತು. ಬಹಿಷ್ಕರಿಸಿದ ಶಾಸನಸಭೆಗಳನ್ನು ಹೊಕ್ಕು ಒಳಗಿನಿಂದಲೇ ಸರಕಾರವನ್ನು ತಡೆಯಬೇಕೆಂಬುದು ಚಿತ್ತರಂಜನ ದಾಸರ ಮತ. 1922ರ ಡಿಸೆಂಬರಿನ ಗಯಾ ಅಧಿವೇಶನದಲ್ಲಿ ಅಧ್ಯಕ್ಷರಾದ ಅವರಿಗೇ ಸೋಲಾಯಿತು. ಅವರು ಮೋತಿಲಾಲರೊಡನೆ ಸ್ವರಾಜ್ಯ ಪಕ್ಷವನ್ನು ಕಟ್ಟಿದರು. ಅನಾರೋಗ್ಯದ ನಿಮಿತ್ತ ಗಾಂಧೀಜಿ 1924ರ ಫೆಬ್ರುವರಿಯಲ್ಲಿ ಬಿಡುಗಡೆ ಹೊಂದಿ ಬಂದಾಗ ಮನೆ ಎರಡಾಗಿತ್ತು.

ಆ ವರ್ಷದ ಜೂನಿನಲ್ಲಿ ಅಹಮದಾಬಾದಿನಲ್ಲಿ ಅಖಿಲ ಭಾರತ ಸಮಿತಿ ಸೇರಿತು. ಅಲ್ಲಿ ನಡೆದದ್ದನ್ನು ಸಂಘಸಂಸ್ಥೆಗಳ ಹಿರಿಯರು ಮತ್ತೆ ಮತ್ತೆ ನೆನೆಯತಕ್ಕದ್ದು. ಪದಾಧಿಕಾರಿಗಳು ನೂಲದಿದ್ದರೆ ಸ್ಥಾನ ಕಳೆದುಕೊಳ್ಳಬೇಕೆಂಬ ಗಾಂಧೀಜಿಯ ಕಟ್ಟಳೆಗೆ ಒಡಂಬಡದ ಸ್ವರಾಜ್ಯ ಪಕ್ಷದವರು ಸಭೆಯಿಂದ ಎದ್ದು ಹೋದರು; ಉಳಿದವರ ಮತದಿಂದ ಕಟ್ಟಳೆ ಗೆದ್ದಿತು. ಆದರೆ ಎದ್ದುಹೋದವರು ಇದ್ದು ಮತ ಕೊಟ್ಟಿದ್ದರೆ ತಮಗೆ ಸೋಲಾಗುತ್ತಿತ್ತೆಂದು ಲೆಕ್ಕ ಹಾಕಿದ ಗಾಂಧೀಜಿ ಆ ದಂಡನೆಯ ಭಾಗವನ್ನು ತಾವೇ ಹಿಂದೆಗೆದುಕೊಂಡರು. ಬರಿದಾದ ಆಸನಗಳನ್ನು ಎಣಿಕೆಗೆ ಹಿಡಿಯುವ ಅಧ್ಯಕ್ಷರು ಎಷ್ಟು ಮಂದಿ? ವಿರೋಧಿಗಳು ಬಾರದ ದಿನವನ್ನೇ ನೋಡಿ ಸಭೆ ಕರೆಯುವ ಚಾತುರ್ಯವಂತೂ ನಾವೆಲ್ಲ ಕಂಡದ್ದೇ. ಅದೇ ಸಮಿತಿಯಲ್ಲಿ, ಆಂಗ್ಲನೊಬ್ಬನನ್ನು ಕೊಂದು ಗಲ್ಲಿಗೇರಿದ ಗೋಪೀನಾಥ ಸಾಹಾ ಎಂಬ ತರುಣನ ಕೃತ್ಯವನ್ನು ಖಂಡಿಸುವ ಗೊತ್ತುವಳಿಗೆ ದಾಸರು ತಂದ ತಿದ್ದುಪಡಿಯು 78ಕ್ಕೆ 70 ಮತಗಳಿಂದ ಬಿದ್ದಿತು. ಎಂಟು ಮತಗಳ ಆ ಗೆಲುವನ್ನು ಗಾಂಧೀಜಿ ತಮ್ಮ ಸೋಲೆಂದೇ ಬಗೆದು ಹಾಗೆಯೇ ಬರೆದರು.

ಕಲ್ಯಾಣದಲ್ಲಿ ಶರಣರನ್ನು ಕೂಡಿಸಿದವರು ಬಸವಣ್ಣನವರು. ಆದರೆ ಶೂನ್ಯಸಿಂಹಾಸನವನ್ನೇರಿದವರು ಅಲ್ಲಮಪ್ರಭುಗಳು ಎಂದು ಪರಂಪರೆ ಹೇಳುತ್ತದೆ. ಕಟ್ಟಿದವನೇ ಪೀಠವನ್ನೇರಬೇಕೆಂಬ ನಿಯಮ ಅಲ್ಲಿರಲಿಲ್ಲ. ಗಾಂಧೀಜಿಗೂ ಆ ವರ್ಷ ಇಂಥದೇ ಒಂದು ಪಾಠ ಒದಗಿತೆನ್ನಬಹುದು. ನವೆಂಬರಿನಲ್ಲಿ ಅವರು ದಾಸರು ಮತ್ತು ಮೋತಿಲಾಲರೊಡನೆ ಒಪ್ಪಂದಕ್ಕೆ ಬಂದರು. ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನವು ಅದನ್ನು ಸ್ಥಿರಪಡಿಸಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಅದೊಂದೇ. ಅಂದು ತೋಡಿದ ಬಾವಿಯನ್ನು ಟಿಳಕವಾಡಿಯ ಜನ ಇಂದಿಗೂ ತೋರಿಸುತ್ತಾರೆ. ಅಂದಿನ ನಿರ್ಣಯ ಮಾತ್ರ ನೆನಪಿನಿಂದ ದೂರವಾಗಿದೆ. ಸ್ವರಾಜ್ಯ ಪಕ್ಷವು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ಕೆಲಸ ಮಾಡಲೆಂದು ಅಲ್ಲಿ ಒಪ್ಪಲಾಯಿತು. ಶಾಸನಸಭೆಗಳಲ್ಲಿ ಗಾಂಧೀಜಿಗೆ ನಂಬಿಕೆ ಹುಟ್ಟಿರಲಿಲ್ಲ. ತಮ್ಮ ನಂಬಿಕೆಯನ್ನು ಇತರರ ಬಾಗಿಲಿಗೆ ಅಗುಳಿಯಾಗಿಸಬಾರದೆಂಬುದಷ್ಟೇ ಅವರಿಗೆ ತಿಳಿದಿತ್ತು. ಹಿಂಸೆಯ ವಿಷಯದಲ್ಲಿ ಮಣಿಯದವರು ಉಪಾಯದ ವಿಷಯದಲ್ಲಿ ಮಣಿದರು. ಇವೆರಡರ ನಡುವಣ ಗೆರೆಯನ್ನು ಎಳೆಯುವುದೇ ಹಿರಿತನದ ಕಷ್ಟ.

ಆ ಗೆರೆಯನ್ನು ಅವರೂ ಒಮ್ಮೆಲೇ ಎಳೆಯಲಾರದೆ ಹೋದರು. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಬೆಳಗಾವಿಯಲ್ಲಿ ಅವರು ನೂಲನ್ನು ಕೇಳಿದರು. ಸದಸ್ಯನಾದವನು ತಿಂಗಳಿಗೆ 2000 ಗಜ ನೂಲು ಕೊಡಬೇಕು; ತಾನು ನೂಲಲೊಲ್ಲದವನು ಬೇರೆಯವರು ನೂತದ್ದನ್ನು ತಂದು ಒಪ್ಪಿಸಬಹುದು. ಸಡಿಲಿಕೆಯೆಂದು ಇಟ್ಟ ಈ ಮಾತೇ ನೇಮದ ಜೀವವನ್ನು ತೆಗೆಯಿತು. ಕಾಯಕದ ಅರ್ಥವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೇಟೆಯಲ್ಲಿ ಕೊಂಡು ತಂದದ್ದು ಕಾಯಕವಾಗದು; ಸದಸ್ಯತ್ವ ಹೋದೀತೆಂಬ ಅಂಜಿಕೆಯಿಂದ ನೂತದ್ದೂ ಅಷ್ಟೇ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿಯು ನೂಲು ಇಲ್ಲವೆ ನಾಲ್ಕಾಣೆ, ಯಾವುದನ್ನಾದರೂ ಕೊಡಬಹುದೆಂದು ನಿಯಮವನ್ನು ಬದಲಿಸಿತು. ಅಲ್ಲಿಯೇ ಗಾಂಧೀಜಿ ಚರಖಾದ ಕಾರ್ಯಕ್ಕೆಂದು ಅಖಿಲ ಭಾರತ ನೂಲುಗಾರರ ಸಂಘವನ್ನು ಬೇರೆಯಾಗಿ ಸ್ಥಾಪಿಸಿದರು. ಕಾಂಗ್ರೆಸ್ಸಿನ ರಾಜಕೀಯ ಕಾರ್ಯ ಸ್ವರಾಜ್ಯ ಪಕ್ಷದವರ ಕೈಗೆ ಹೋಯಿತು. ನೂಲಬೇಕೆನ್ನುವವರು ಅವರೊಡನೆ ಕುಳಿತು ನೂಲತೊಡಗಿದರು.