ಪುರಾವೆ ಯಾರ ಕೈಯಲ್ಲಿದೆ?

"ಗೊತ್ತಿಲ್ಲಂದ್ರ ಸುಮ್ನಿರಬೇಕು, ಮಾಮಾ. ಎಲ್ಲಾರೂ ಡಾಕ್ಟರ್ ಆದ್ರ ಹೆಂಗ? ಎಲ್ಲಾರೂ ಇಂಜಿನಿಯರ್ ಆದ್ರ ಹೆಂಗ?" ಪುಣೆಯಲ್ಲಿ ನೌಕರಿ ಮಾಡುವ ನನ್ನ ಅಕ್ಕನ ಮಗ ಊರಿಗೆ ಬಂದಾಗಲೆಲ್ಲ ಹೇಳುವ ಮಾತಿದು. ಅವನೊಬ್ಬನ ಮಾತಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಓದಿದವರು ಸೇರಿದಲ್ಲೆಲ್ಲ ಈಗ ಇದೇ ಕೇಳಿಬರುತ್ತದೆ. ಹೃದಯಾಘಾತದ ಸುದ್ದಿ ಬಂದರೆ ಹೃದ್ರೋಗ ತಜ್ಞರು ಮಾತಾಡಲಿ, ಪೆಟ್ರೋಲಿಗೆ ಎಥೆನಾಲ್ ಬೆರೆಸಿದ ಸುದ್ದಿ ಬಂದರೆ ಇಂಧನ ತಜ್ಞರು ಮಾತಾಡಲಿ, ಉಳಿದವರು ಫೋನ್ ಕೆಳಗಿಡಲಿ ಎನ್ನುತ್ತಾರೆ. ಕೇಳಲು ವಿನಯದಂತೆ, ವಿವೇಕದಂತೆ ಇದೆ. ನನಗೆ ಮಾತ್ರ ಇದು ತಪ್ಪೆನಿಸುತ್ತದೆ, ಸಿಟ್ಟು ಬರುವಷ್ಟು ತಪ್ಪೆನಿಸುತ್ತದೆ.

ಮಾತಿನ ಸಂಯಮ ಕುರಿತು ನಮ್ಮಲ್ಲಿ ಹೇಳಿದ್ದು ಬಹಳವಿದೆ. ನುಡಿ ಹೇಗಿರಬೇಕೆಂಬ ಬಸವಣ್ಣನವರ ವಚನ ನಮ್ಮ ಭಾಗದ ಶಾಲೆಗಳ ಗೋಡೆಗಳ ಮೇಲಿದೆ. ನ್ಯಾಯದರ್ಶನದವರು ಆಪ್ತರ, ಅಂದರೆ ನಂಬಲರ್ಹರ ಮಾತನ್ನು ಪ್ರಮಾಣವೆಂದು ಒಪ್ಪಿದ್ದಾರೆ. ಆಪ್ತನಾರು ಎಂಬುದೇ ಜಗಳವಾಗಿರುವಾಗ ಆ ದಾರಿ ನಮ್ಮನ್ನು ಹೆಚ್ಚು ದೂರ ಒಯ್ಯುವುದಿಲ್ಲ. ವಾಕ್ ಸ್ವಾತಂತ್ರ್ಯದ ಪರ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಬರೆದದ್ದು ಮಾತಾಡುವ ಹಕ್ಕಿನ ಬಗ್ಗೆ. ನನ್ನ ಅಳಿಯ ಆ ಹಕ್ಕನ್ನು ಅಲ್ಲಗಳೆಯುತ್ತಿಲ್ಲ. ಹಕ್ಕಿದ್ದರೂ ಆಡುವುದು ಅನೀತಿ ಎನ್ನುತ್ತಿದ್ದಾನೆ. ಹಾಗಾಗಿ ಎದುರಿಸಬೇಕಾದದ್ದು ಇದನ್ನು ನೀತಿಯ ಪ್ರಶ್ನೆಯಾಗಿ ಕಂಡವನನ್ನು.

ಅವನು ವಿಲಿಯಂ ಕ್ಲಿಫರ್ಡ್. ಲಂಡನ್ನಿನಲ್ಲಿ ಗಣಿತ ಕಲಿಸುತ್ತಿದ್ದವನು, 1879ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡವನು. ಸಾಯುವ ಎರಡು ವರ್ಷ ಮೊದಲು ನಂಬಿಕೆಯ ನೀತಿಯ ಬಗ್ಗೆ ಅವನು ಪ್ರಕಟಿಸಿದ ಪ್ರಬಂಧ, ನನ್ನ ಅಳಿಯ ಓದಿರದಿದ್ದರೂ, ಅವನ ವಾದದ ಮೂಲ. ಸಾಕಷ್ಟು ಪುರಾವೆಯಿಲ್ಲದೆ ಯಾವುದನ್ನಾದರೂ ನಂಬುವುದು ಯಾರಿಗೇ ಆಗಲಿ, ಎಲ್ಲೇ ಆಗಲಿ ತಪ್ಪು ಎಂಬುದು ಅವನ ಪಟ್ಟು. ಅದಕ್ಕೆ ಒಂದು ಕತೆ ಹೇಳುತ್ತಾನೆ. ಹಳೆಯ ಹಡಗೊಂದರ ಮಾಲೀಕನಿಗೆ ಅದರ ಬಗ್ಗೆ ಅನುಮಾನವಿದೆ. ಪರೀಕ್ಷೆ ಮಾಡಿಸಿದರೆ ಖರ್ಚು. ಇಷ್ಟು ಸಲ ಸುರಕ್ಷಿತವಾಗಿ ಹೋಗಿಬಂದಿದೆ, ಈ ಸಲವೂ ಬರುತ್ತದೆ ಎಂದು ಮನಸ್ಸನ್ನು ಒಪ್ಪಿಸಿಕೊಂಡು ವಲಸಿಗರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ಪ್ರಾಮಾಣಿಕವಾಗಿಯೇ ನಂಬಿದ್ದರೂ ಅಪರಾಧಿ. ಹಡಗು ಮುಳುಗದೆ ದಡ ಸೇರಿದ್ದರೂ ಅಷ್ಟೇ ಅಪರಾಧಿ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ.

ಎಲ್ಲರೂ ಹಡಗಿನ ಕತೆಗೇ ನಿಲ್ಲುತ್ತಾರೆ. ನಮ್ಮ ಕಾಲಕ್ಕೆ ಹತ್ತಿರವಾದದ್ದು ಎರಡನೆಯದು. ಒಂದು ದ್ವೀಪದಲ್ಲಿ ಕೆಲವು ಧರ್ಮಬೋಧಕರ ಮೇಲೆ, ಮಕ್ಕಳಿಗೆ ಅಡ್ಡದಾರಿಯಿಂದ ತಮ್ಮ ಧರ್ಮ ಕಲಿಸುತ್ತಾರೆಂಬ ಗುಮಾನಿ ಹಬ್ಬುತ್ತದೆ. ಕೆಲವರು ಒಟ್ಟಾಗಿ ಊರೆಲ್ಲ ಆರೋಪ ಸಾರುತ್ತಾರೆ. ಗದ್ದಲ ಎಷ್ಟಾಗುತ್ತದೆಂದರೆ ತನಿಖೆಗೆ ಆಯೋಗ ನೇಮಿಸಬೇಕಾಗುತ್ತದೆ. ಬೋಧಕರು ನಿರಪರಾಧಿಗಳೆಂದು ಗೊತ್ತಾಗುತ್ತದೆ. ಗದ್ದಲ ಮಾಡಿದವರು ಮೊದಲೇ ವಿಚಾರಿಸಿದ್ದರೆ ಇದು ಅವರಿಗೂ ತಿಳಿಯುತ್ತಿತ್ತು. ಆಮೇಲೆ ಊರಿನಲ್ಲಿ ಅವರನ್ನು ಮರ್ಯಾದಸ್ಥರೆಂದು ಯಾರೂ ಎಣಿಸುವುದಿಲ್ಲ.

2025ರ ಜೂನ್–ಜುಲೈಯ ಹಾಸನವನ್ನು ಈ ದ್ವೀಪದ ಪಕ್ಕ ಇಟ್ಟು ನೋಡಿ. ಸುಮಾರು 40 ದಿನಗಳಲ್ಲಿ ಆ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ರಾಜ್ಯವನ್ನೇ ಅಲುಗಾಡಿಸಿತು. ಕೋವಿಡ್ ಲಸಿಕೆ ಅಂದರು, ಕಲಬೆರಕೆ ಎಣ್ಣೆ ಅಂದರು, ಮೊಬೈಲ್ ಟವರ್ ಅಂದರು. ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ, ಲಸಿಕೆಗೆ ನೇರ ಸಂಬಂಧ ಕಾಣುವುದಿಲ್ಲ ಎಂಬ ವರದಿ ಬಂತು. ದ್ವೀಪದ ಕತೆಯೇ ಮರಳಿ ನಡೆದಂತಿದೆ. ಕ್ಲಿಫರ್ಡನ ಪ್ರಕಾರ ಹಾಸನದ ಬಗ್ಗೆ ಮಾತಾಡಿದ ನಾವೆಲ್ಲ ಮರ್ಯಾದೆ ಕಳೆದುಕೊಂಡವರು.

ಇಲ್ಲಿ ನಾನು ಒಪ್ಪುವುದಿಲ್ಲ. ಹಡಗಿನ ಕತೆಯಲ್ಲಿ ಕ್ಲಿಫರ್ಡ್ ಒಮ್ಮೆಯೂ ಮಾತಾಡಿಸದ ಜನರಿದ್ದಾರೆ. ಅವರು ಹಡಗು ಹತ್ತಿದವರು. ರಾತ್ರಿ ಮಲಗಿದಾಗ ಹಲಗೆ ಕಿರುಗುಟ್ಟಿದ್ದು ಅವರಿಗೆ ಕೇಳುತ್ತದೆ. ಅದು ಸಾಕಷ್ಟು ಪುರಾವೆಯಲ್ಲ, ಎಲ್ಲ ಹಡಗಿನಲ್ಲೂ ಹಲಗೆ ಕಿರುಗುಟ್ಟುತ್ತದೆ. ತಳ ಪರೀಕ್ಷಿಸಲು ಅವರಿಗೆ ಬಡಗಿಗಳಿಲ್ಲ, ಹಣವಿಲ್ಲ, ಅಪ್ಪಣೆಯಿಲ್ಲ. ಅವರು ಸಾಕಷ್ಟು ಪುರಾವೆ ಸಿಗುವ ತನಕ ಸುಮ್ಮನಿರಬೇಕೆಂದರೆ ಹಡಗು ಮುಳುಗುವ ತನಕ ಸುಮ್ಮನಿರಬೇಕು. ಪುರಾವೆ ಯಾರೋ ಹುಡುಕಿ, ಅಳೆದು, ಖರ್ಚು ಮಾಡಿ ತರಬೇಕಾದದ್ದು. ಅದನ್ನು ತರುವ ಶಕ್ತಿ ಇರುವಲ್ಲೇ ಅದನ್ನು ತರುವ ಹೊಣೆಯೂ ಇರಬೇಕು. ಶಕ್ತಿಯಿಲ್ಲದವನಿಗೆ ಉಳಿಯುವುದು ಒಂದೇ ದಾರಿ: ಕೂಗುವುದು.

ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ, ಕಬ್ಬು ಬೆಳೆದು ಕಲಿತೆ. ಕೇಂದ್ರ ಸರಕಾರ 2025–26ರ ಹಂಗಾಮಿಗೆ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ ₹355. ಅದು ಶೇ 10.25 ಸಕ್ಕರೆ ಇಳುವರಿಗೆ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ ₹3.46 ಹೆಚ್ಚು. ಟನ್ನಿನ ಲೆಕ್ಕಕ್ಕೆ ತಂದರೆ ದಶಮಾಂಶದ ಒಂದು ಅಂಕಿ ಸರಿದರೆ ಸುಮಾರು ₹35 ಸರಿಯುತ್ತದೆ. ಆ ಅಂಕಿ ಹುಟ್ಟುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ. ತೂಕದ ಕಾಟಾ ಕೂಡ ಕಾರ್ಖಾನೆಯದೇ. ಇಳುವರಿ ಕಡಿಮೆ ತೋರಿಸುತ್ತಾರೆ, ತೂಕದಲ್ಲಿ ಹೊಡೆಯುತ್ತಾರೆ ಎಂಬುದು ಕಬ್ಬಿನ ನಾಡಿನ ಹಳೆಯ ಅನುಮಾನ. ಯಾವ ಕಾರ್ಖಾನೆಯ ಹೆಸರನ್ನೂ ನಾನು ಹಿಡಿಯುತ್ತಿಲ್ಲ, ಎಷ್ಟೋ ಕಡೆ ಆ ಅನುಮಾನ ಸುಳ್ಳೇ ಇರಬಹುದು. ಆದರೆ ಪುರಾವೆ ತಂದು ಮಾತಾಡು ಎಂದು ರೈತನಿಗೆ ಹೇಳಿದರೆ ಅವನು ಎಲ್ಲಿಂದ ತರಬೇಕು? ತನ್ನ ಹೊಲದ ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆಯೆಂದು ಅವನ ನಾಲಿಗೆಗೆ ಗೊತ್ತು, ಕಾಗದದಲ್ಲಿ ಗೊತ್ತಿಲ್ಲ. ಕಾರ್ಖಾನೆಯ ಹೊರಗೆ ಸ್ವತಂತ್ರ ಕಾಟಾ ಬೇಕು, ಪರೀಕ್ಷೆ ಬೇಕು ಎಂಬ ಬೇಡಿಕೆ ಹುಟ್ಟಿದ್ದೇ ಪುರಾವೆಯಿಲ್ಲದವರ ಗೊಣಗಾಟದಿಂದ.

ಎಥೆನಾಲ್ ವಿಷಯ ಇನ್ನೂ ತೊಡಕಿನದು. ಇಡೀ ನಾಡಿನಲ್ಲಿ ನಮ್ಮಷ್ಟು ಒಳಗಿನಿಂದ ಅದನ್ನು ಕಂಡವರು ಕಡಿಮೆ. ನಮ್ಮ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಗೋದಾವರಿ ಕಾರ್ಖಾನೆ ಸಕ್ಕರೆಯ ಜೊತೆ ಎಥೆನಾಲನ್ನೂ ತಯಾರಿಸುತ್ತದೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕಿತ್ತು, ದೇಶ ಅದನ್ನು 2025ರಲ್ಲೇ ಮುಟ್ಟಿತು. ಆ ಆಗಸ್ಟ್‌ನಲ್ಲಿ ಗಾಡಿ ಓಡಿಸುವವರ ಆಕ್ರೋಶ ಎಲ್ಲೆಡೆ ಹರಿಯಿತು: ಮೈಲೇಜ್ ಬಿತ್ತು, ಇಂಜಿನ್ ಹಾಳಾಯಿತು. ನನ್ನ ಅಳಿಯ ನಕ್ಕ. ಮಹಾಲಿಂಗಪುರದ ಬೆಲ್ಲದ ಪೇಟೆಯ ಚಹಾದ ಅಂಗಡಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅಲ್ಲಿ ಕೂತವನ ಕಬ್ಬೂ ಎಥೆನಾಲ್ ಆಗುತ್ತದೆ, ಅವನ ಹಳೆಯ ಬೈಕೂ ಅದನ್ನೇ ಕುಡಿಯುತ್ತದೆ. ಕಬ್ಬಿನ ಬಿಲ್ಲಿನಲ್ಲಿ ಬಂದದ್ದು ಟ್ಯಾಂಕಿನಲ್ಲಿ ಹೋಗುತ್ತಿದೆಯೇ ಎಂದು ಅವನು ಕೇಳಿದ. ಜಮಖಂಡಿಗೆ ಹೋಗಿಬರುವ ಅದೇ ದಾರಿಗೆ ಈಗ ಹೆಚ್ಚು ಎಣ್ಣೆ ಬೇಕಾಗಿದೆ ಎಂಬುದಷ್ಟೇ ಅವನ ಪುರಾವೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಐದರಲ್ಲಿ ಒಂದು ಪಾಲು ಬೆರೆಸಿದರೆ ಶೇ 6–7ರಷ್ಟು ಕಡಿಮೆಯಾಗಬೇಕು. ಪೆಟ್ರೋಲಿಯಂ ಸಚಿವಾಲಯವೂ ಇಪ್ಪತ್ತರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1–2, ಉಳಿದವುಗಳಲ್ಲಿ ಶೇ 3–6 ಇಳಿಕೆ ಎಂದು ಹೇಳಿತು. ಆ ಅಂಕಿ ಜನರ ಮುಂದೆ ಅಷ್ಟು ಸ್ಪಷ್ಟವಾಗಿ ಬಂದದ್ದು ಗದ್ದಲ ಎದ್ದ ಮೇಲೆ. ಇಂಜಿನ್ ಸುಟ್ಟೇಹೋಗುತ್ತದೆ ಎಂದವರು ಅತಿ ಮಾಡಿದರು, ನಿಜ. ಆದರೆ ಅವರ ಕೆಳಗಿನ ಹಲಗೆ ಕಿರುಗುಟ್ಟಿದ್ದು ಸುಳ್ಳಾಗಿರಲಿಲ್ಲ.

ಇಷ್ಟು ಹೇಳಿ ಗೆದ್ದೆ ಎಂದು ಏಳಬಹುದಿತ್ತು. ಏಳಲು ಬಿಡದಿರುವುದು 2021ರ ಅಕ್ಟೋಬರ್ 29. ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದ ದಿನ. ಬೆಳಿಗ್ಗೆ ವ್ಯಾಯಾಮ ಮಾಡಿದ್ದರೆಂಬ ಒಂದೇ ಎಳೆ ಹಿಡಿದು ಜಿಮ್ಮೇ ಕೊಂದಿತು ಎಂದರು. ಹುಡುಗರನ್ನು ತಾಯಂದಿರು ಕಸರತ್ತಿನಿಂದ ಬಿಡಿಸಿದರು. ಅದಾದರೂ ಹೋಗಲಿ. ಅವರನ್ನು ಅಂದು ನೋಡಿದ ಕುಟುಂಬ ವೈದ್ಯರ ಮೇಲೆ ಆರೋಪ ಎಷ್ಟು ಬೆಳೆಯಿತೆಂದರೆ ಅವರ ಮನೆಗೂ ಆಸ್ಪತ್ರೆಗೂ ಪೊಲೀಸ್ ಕಾವಲು ಹಾಕಬೇಕಾಯಿತು. ಇದು ಕ್ಲಿಫರ್ಡನ ದ್ವೀಪವೇ, ಬೇರೆ ಮಾತಿಲ್ಲ. ದುಃಖದಲ್ಲಿದ್ದವರು ಕೂಗಿದರು ಎಂದರೆ ಆ ಮನೆಯೊಳಗಿದ್ದವರ ಭಯ ಕಡಿಮೆಯಾಗುವುದಿಲ್ಲ.

ಅದೇ ದುಃಖ ಬೇರೆ ಕೆಲಸವನ್ನೂ ಮಾಡಿತು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತೆಂಬ ಸುದ್ದಿ ಕೇಳಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಆಮೇಲೆ ಅವರ ಹೆಸರಿನಲ್ಲೇ ಸರಕಾರ ಹೃದಯ ಜ್ಯೋತಿ ಯೋಜನೆ ತಂದು, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವಂತೆ ಮಾಡಿತು. ಹಾಸನದ ಗದ್ದಲದ ಬಳಿಕ ಅದು ಎಲ್ಲ ತಾಲ್ಲೂಕುಗಳಿಗೆ ಎಂಬ ಮಾತು ಬಂತು, ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತವರ ವಿಷಯವನ್ನು ಸರಕಾರಕ್ಕೆ ತಿಳಿಸುವುದು ಕಡ್ಡಾಯ ಎಂಬ ಘೋಷಣೆಯೂ ಬಂತು. ಎಣಿಸದ ಸಾವುಗಳನ್ನು ಎಣಿಸುವಂತಾಯಿತಲ್ಲ ಎಂದು ನನ್ನ ಮನಸ್ಸು ಹಿಗ್ಗುತ್ತದೆ. ಆದರೆ ಈ ಫಲಗಳನ್ನು ತೋರಿಸಿ ಕ್ಲಿಫರ್ಡನನ್ನು ಸೋಲಿಸಲಾಗದು. ಹಡಗು ದಡ ಸೇರಿದರೂ ಮಾಲೀಕ ಅಪರಾಧಿ ಎಂದು ಅವನು ಮೊದಲೇ ಆ ಬಾಗಿಲು ಮುಚ್ಚಿದ್ದಾನೆ. ಆ ಮಾತು ಸರಿ ಎಂದೂ ನನಗನಿಸುತ್ತದೆ. ಇಷ್ಟಕ್ಕೂ ಫಲ ಎರಡೂ ಬಗೆಯದು. ಆ ಜುಲೈಯಲ್ಲಿ ನನ್ನ ಅಕ್ಕನ ಗಂಡ ಎದೆ ಉರಿಯೆಂದು ಹೆದರಿ ಇಸಿಜಿ ಮಾಡಿಸಲು ಹೋದರು. ಹಾಸನದ ಸುದ್ದಿ ಕೇಳಿರದಿದ್ದರೆ ಸೋಡಾ ಕುಡಿದು ಮಲಗುತ್ತಿದ್ದರು. ಇಸಿಜಿ ಸರಿಯಿತ್ತು. ಸಾಲಿನಲ್ಲಿ ಅವರ ಹಿಂದೆ ನಿಂತಿದ್ದ ಮುದುಕಿಯೊಬ್ಬಳಿಗೆ ಉಸಿರು ಎಳೆಯುತ್ತಿತ್ತು, ಅವಳಿಗೆ ಕಾಯದೆ ಗತ್ಯಂತರವಿರಲಿಲ್ಲ. ಮೈಸೂರು, ಬೆಂಗಳೂರಿನ ಜಯದೇವದ ಎದುರು ಇದೇ ದೃಶ್ಯ ಸಾವಿರಾರು ಜನರೊಂದಿಗೆ ನಡೆಯಿತು.

ಹಾಗಾದರೆ ನನ್ನ ಕೈಯಲ್ಲಿ ಉಳಿಯುವುದು ಫಲದ ವಾದವಲ್ಲ, ಸ್ಥಾನದ ವಾದ. ಪ್ರಯಾಣಿಕ ಕೂಗಬಹುದು, ಮಾಲೀಕ ಪರೀಕ್ಷಿಸಬೇಕು. ಈ ಅಳತೆಗೋಲು ಕೆಲವರ ಮೇಲೆ ಚೆನ್ನಾಗಿ ಬೀಳುತ್ತದೆ. ಹಾಸನದ ಸಾವುಗಳಿಗೂ ಲಸಿಕೆಗೂ ಸಂಬಂಧವಿರಬಹುದು ಎಂಬ ಮಾತನ್ನು ಆ ಜುಲೈ ಮೊದಲ ದಿನ ರಾಜ್ಯದ ಮುಖ್ಯಮಂತ್ರಿಗಳೇ ಆಡಿದರು. ಚಹಾದ ಅಂಗಡಿಯವನು ಆಡಿದ್ದರೆ ಅದು ಪ್ರಶ್ನೆ. ಸಮಿತಿ ನೇಮಿಸುವ, ವರದಿ ತರಿಸುವ ಅಧಿಕಾರವಿದ್ದವರು ವರದಿ ಬರುವ ಮೊದಲೇ ಆಡಿದರೆ ಅದು ಮಾಲೀಕ ಪ್ರಯಾಣಿಕರ ನಡುವೆ ಕೂತು ತಾನೂ ಕೂಗಿದಂತೆ. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಲಸಿಕೆಗೆ ಸಂಬಂಧವಿಲ್ಲ ಎಂದಿತು. ಟಿವಿ ಸ್ಟುಡಿಯೋಗಳಿಗೂ ಇದೇ ಮಾತು ಅನ್ವಯ: ವರದಿಗಾರರನ್ನು ಕಳಿಸುವ ಶಕ್ತಿ ಇದ್ದವರು ಅನುಮಾನವನ್ನಷ್ಟೇ ಬಿತ್ತರಿಸುವುದು ನೀತಿಯಲ್ಲ.

ಉಳಿದವರ ಮೇಲೆ ಆ ಗೋಲು ಜಾರುತ್ತದೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರದ ಹೋರಾಟ ಬೆಳಗಾವಿ ಜಿಲ್ಲೆಯ ಗುರ್ಲಾಪುರದಿಂದ ನಮ್ಮ ಜಿಲ್ಲೆಯ ಮುಧೋಳಕ್ಕೆ ಹಬ್ಬಿತು. ಸರಕಾರದ ಟನ್ನಿಗೆ ₹3300 ಸೂತ್ರವನ್ನು ಇಲ್ಲಿಯವರು ಒಪ್ಪಲಿಲ್ಲ. 13ರಂದು ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಹೊಗೆ ಆರುವ ಮೊದಲೇ ಯಾರು ಹಚ್ಚಿದರೆಂಬ ತೀರ್ಪು ನನ್ನ ಫೋನಿಗೆ ಬಂದಿತ್ತು, ಒಂದಕ್ಕೊಂದು ವಿರುದ್ಧವಾಗಿ. ರೈತರೇ ಎಂದು ಒಬ್ಬರು, ಕಾರ್ಖಾನೆಯವರೇ ಎಂದು ಇನ್ನೊಬ್ಬರು, ಹೊರಗಿನವರು ಎಂದು ಮತ್ತೊಬ್ಬರು. ಬರೆದವರೆಲ್ಲ ಪ್ರಯಾಣಿಕರೇ, ಯಾರ ಕೈಯಲ್ಲೂ ಪ್ರಯೋಗಾಲಯವಿಲ್ಲ, ಆಯೋಗವಿಲ್ಲ. ಸುಟ್ಟ ಟ್ರ್ಯಾಕ್ಟರ್‌ಗಳ ಒಡೆಯರಲ್ಲಿ ಸಾಲದ ಕಂತು ಕಟ್ಟುತ್ತಿದ್ದವರಿದ್ದರು, ಅವರೂ ಪ್ರಯಾಣಿಕರೇ. ಆದರೆ ಆರೋಪ ಕಳಿಸಿದ ಕ್ಷಣ, ಯಾರ ಮೇಲೆ ಕಳಿಸಿದೆನೋ ಅವನ ಮಟ್ಟಿಗೆ ನಾನು ಪ್ರಯಾಣಿಕನಾಗಿ ಉಳಿಯುತ್ತೇನೆಯೇ? ಇನ್ನೂರು ಜನ ಓದುವ ಜಾಗದಲ್ಲಿ ಬರೆದವನಿಗೆ ಒಂದಿಷ್ಟು ಮಾಲೀಕತ್ವ ಬಂದೇ ಬರುತ್ತದೆ. ನಂಬಿಕೆ ಖಾಸಗಿ ಆಸ್ತಿಯಲ್ಲ, ಎಲ್ಲರದು ಎಂಬ ಕ್ಲಿಫರ್ಡನ ಮಾತು ಅವನ ಕಾಲಕ್ಕಿಂತ ನಮ್ಮ ಕಾಲದಲ್ಲಿ ಹೆಚ್ಚು ನಿಜ.

ಅನುಮಾನವನ್ನು ಪ್ರಶ್ನೆಯಾಗಿಯೇ ಆಡಬೇಕು, ತೀರ್ಪಾಗಿ ಆಡಬಾರದು, ಹೆಸರು ಹಿಡಿಯಬಾರದು ಎಂಬ ನಿಯಮವನ್ನು ನಾನು ಸದ್ಯಕ್ಕೆ ಹಾಕಿಕೊಂಡಿದ್ದೇನೆ. ಅದು ಪೂರ್ತಿ ಕೆಲಸ ಮಾಡುತ್ತದೆಂದು ಹೇಳಲಾರೆ. ನಾನು ಪ್ರಶ್ನೆಯಾಗಿ ಬರೆದದ್ದು ಬನಹಟ್ಟಿ ದಾಟುವಷ್ಟರಲ್ಲಿ ಸುದ್ದಿಯಾಗಿರುತ್ತದೆ, ರಬಕವಿಯಲ್ಲಿ ಅದಕ್ಕೊಬ್ಬ ಅಪರಾಧಿ ಸಿಕ್ಕಿರುತ್ತಾನೆ. ಆಗ ಹೊಣೆ ನನ್ನದೋ, ಪ್ರಶ್ನಾರ್ಥಕ ಚಿಹ್ನೆ ಕಿತ್ತವನದೋ? ನನ್ನದೂ ಹೌದು ಎಂದೇ ಕ್ಲಿಫರ್ಡ್ ಹೇಳಿಯಾನು. ಅಲ್ಲ ಎನ್ನಲು ನನ್ನ ಬಳಿ ವಾದ ಸಿದ್ಧವಿಲ್ಲ. ಆದರೆ ಹೌದು ಎಂದು ಪೂರ್ತಿ ಒಪ್ಪಿದರೆ ಮುಂದಿನ ಹಂಗಾಮಿಗೆ ಇಳುವರಿಯ ಅಂಕಿ ಯಾರು ಕೇಳಬೇಕು ಎಂಬುದು ನನಗಿನ್ನೂ ಬಗೆಹರಿದಿಲ್ಲ.