ಕಾರ್ಪೆಟ್ಟಿನ ಕೆಳಗಿನ ನೀರು

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಿಗೆ ನೀರು ನುಗ್ಗಿ ಕಾರುಗಳು ಮುಳುಗಿದವು. ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗುವ ಚಿತ್ರಗಳನ್ನು ನೋಡಿ, ಮಳೆ ಕಂಡು ಬೆಳೆದ ನಮ್ಮ ಊರಿನವರು ಸ್ವಲ್ಪ ನಕ್ಕದ್ದೂ ಉಂಟು. ನನಗೆ ಕಾಡಿದ ಪ್ರಶ್ನೆ ಬೇರೆ. ನೀರಿಳಿದ ಮೇಲೆ ಆ ಕಾರುಗಳೆಲ್ಲ ಎಲ್ಲಿಗೆ ಹೋದವು? ಕೆಲವು ಗುಜರಿಗೆ ಹೋಗಿರಬೇಕು. ಉಳಿದವು ತೊಳೆದು, ಒಣಗಿ, ಯಾರ ಯಾರದೋ ಅಂಗಳ ಸೇರಿರಬೇಕು.

ಕಾರಿನೊಳಗೆ ನೀರು ಸೇರಲು ಪ್ರವಾಹವೇ ಆಗಬೇಕೆಂದಿಲ್ಲ. ನಮ್ಮ ಕಡೆ ಹಲಸಿನ ಮರದಡಿ ಒಂದು ಮಳೆಗಾಲ ನಿಂತರೆ ಸಾಕು. ವೈಪರಿನ ಬುಡದಲ್ಲಿ ನೀರು ಹೊರಗೆ ಹರಿಯಲು ಇರುವ ತೂತಿಗೆ ತರಗೆಲೆ ಕಟ್ಟಿಕೊಂಡರೆ, ಗಾಜಿನ ಮೇಲಿಂದ ಇಳಿದ ನೀರು ಒಳಗೆ ಗಾಳಿ ಬರುವ ದಾರಿಯನ್ನೇ ಹಿಡಿಯುತ್ತದೆ. ಕಣ್ಣಿಗೇನೂ ಕಾಣುವುದಿಲ್ಲ, ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಅದನ್ನು ಕುಡಿದು ಸುಮ್ಮನೆ ಕೂತಿರುತ್ತದೆ. ವೈರುಗಳು ಹಾದುಹೋಗುವುದೂ ಅಲ್ಲಿಯೇ. ತಾಮ್ರ, ನೀರು, ಬ್ಯಾಟರಿಯ ವಿದ್ಯುತ್ತು ಸೇರಿದಲ್ಲಿ ಹಸಿರು ಕಿಲುಬು ಹುಟ್ಟುತ್ತದೆ. ಅದಕ್ಕೆ ಅವಸರವಿಲ್ಲ. ಮಳೆ ಬಿಟ್ಟು, ದೀಪಾವಳಿಯೂ ಕಳೆದ ಮೇಲೆ ಒಂದು ದಿನ ಕಿಟಕಿಯ ಗಾಜು ಮೇಲೇರುವುದಿಲ್ಲ. ಇನ್ನೊಂದು ದಿನ ಹಾರ್ನು ತಾನಾಗಿ ಕೂಗುತ್ತದೆ. ಮತ್ತೊಂದು ವಾರ ಎಲ್ಲವೂ ಸರಿ. (ಮೆಕ್ಯಾನಿಕ್ಕಿನ ಎದುರು ಮಾತ್ರ ಅದು ಎಂದೂ ಕೆಡುವುದಿಲ್ಲ.)

ಇಂಥ ಕಾರನ್ನು ಮಾರುವವರು ಕೊಳ್ಳುವವರಿಗೆ ಹೇಳಬೇಕೆ? ಕೇಳಿದರೆ ಸುಳ್ಳಾಡಬಾರದು, ಒಪ್ಪೋಣ. ಕೇಳದಿದ್ದರೆ?

ಪ್ರಶ್ನೆ ಹೊಸತೇನಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಮಗನಿಗೆಂದು ಬರೆದ ಗ್ರಂಥದಲ್ಲಿ ಹುಳುಕಿನ ಮನೆಯೊಂದನ್ನು ಮಾರುವವನ ಉದಾಹರಣೆ ಬರುತ್ತದೆ. ಹೇಳದೆ ಇರುವುದೆಲ್ಲ ಮುಚ್ಚಿಡುವುದಲ್ಲ ಎಂಬುದು ಡಯೋಜನೀಸ್ ಎಂಬ ತತ್ತ್ವಜ್ಞಾನಿಯ ವಾದ. ಇದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೆಟ್ಟದ್ದೆಂದು ಅವನ ಶಿಷ್ಯ ಆಂಟಿಪೇಟರನ ಉತ್ತರ. ಸಿಸೆರೊ ಶಿಷ್ಯನ ಕಡೆಗೆ ನಿಂತ. ನಮ್ಮ ದೇಶದ 1872ರ ಕರಾರು ಕಾಯಿದೆ ಅಷ್ಟು ದೂರ ಹೋಗುವುದಿಲ್ಲ. ಅದರ 17ನೇ ಕಲಮಿನಲ್ಲಿ ಒಂದು ಕುದುರೆಯಿದೆ. ಕುದುರೆಗೆ ಊನವಿದೆಯೆಂದು ತಿಳಿದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರಿ ಸುಮ್ಮನಿದ್ದರೆ ವಂಚನೆಯಾಗುವುದಿಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳಲೇಬೇಕು!

ಕಾಯಿದೆಯ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಬಹುದಿತ್ತು. ಕಾರಿನ ಕಿಲುಬನ್ನು ಕಾಣಲು ಸೀಟು ಬಿಚ್ಚಬೇಕು, ಕಾರ್ಪೆಟ್ ಎತ್ತಬೇಕು. ಅದಕ್ಕೆ ಯಾವ ಮಾಲಿಕ ಬಿಡುತ್ತಾನೆ? ಇನ್ನು ಹೊಸ ಕಾರ್ಪೆಟ್ ಹಾಸಿ, ಸೆಂಟು ಹೊಡೆದು ನಿಲ್ಲಿಸಿದವನು ಸುಮ್ಮನಿದ್ದಾನೆ ಎನ್ನಲಾಗದು. ಆ ಸೆಂಟು ಅವನ ಪರವಾಗಿ ಸುಳ್ಳು ಹೇಳುತ್ತಿರುತ್ತದೆ. ಆದರೂ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಮುಳುಗಿದ ಕಾರಾದರೆ ತುದಿಯಲ್ಲಿ ಕೆಸರಿನ ಕಲೆ ಉಳಿದಿರುವುದುಂಟು.

ನಮ್ಮ ನೆರೆಯ ಅಡಿಕೆ ಬೆಳೆಗಾರರೊಬ್ಬರ ಕಾರು ಹೀಗೇ ಹಲಸಿನ ಮರದಡಿ ನೆನೆದು ಹಾಳಾಯಿತು. "ಮಳೆ ಬರಿಸಿದ್ದು ನಾನಾ ಮಾರಾಯ್ರೆ? ಸತ್ಯ ಹೇಳಿದವನಿಗೆ ಮಾತ್ರ ಯಾಕೆ ನಷ್ಟ?" ಎಂದು ಅವರು ಕೇಳಿದರು. ಈ ಮಾತನ್ನು ನಾನು ಹಗುರಾಗಿ ತಳ್ಳಲಾರೆ. ನಿಜ ಹೇಳಿದರೆ ದಲ್ಲಾಳಿ ಅರ್ಧ ಬೆಲೆಗೆ ಕೇಳುತ್ತಾನೆ. ಹೇಳದವನು ಪೂರ್ತಿ ಹಣ ಎಣಿಸಿಕೊಳ್ಳುತ್ತಾನೆ. ಮಳೆ ಯಾರ ತಪ್ಪೂ ಅಲ್ಲ. ಆದರೆ ಅದು ಬಿದ್ದದ್ದು ಅವರ ಕಾರಿನ ಮೇಲೆ. ಆ ನಷ್ಟವನ್ನು ಗುಟ್ಟಾಗಿ ಇನ್ನೊಬ್ಬರ ಹೆಗಲಿಗೆ ದಾಟಿಸಿದ ಗಳಿಗೆಯಿಂದ ಅದು ಬರೀ ಮಳೆಯ ಕೆಲಸವಾಗಿ ಉಳಿಯುವುದಿಲ್ಲ. ಹೆಗಲಾದರೂ ಯಾರದು? ಹೊಸ ಕಾರು ಕೊಳ್ಳಲಾಗದೆ ಸಾಲ ಮಾಡಿ ಹಳೆಯದನ್ನು ಕೊಂಡು ಬಾಡಿಗೆಗೆ ಓಡಿಸುವವನದು. ಆಗುಂಬೆ ಘಾಟಿಯ ತಿರುವಿನಲ್ಲಿ, ರಾತ್ರಿ, ಹೆಡ್‌ಲೈಟು ಆರಿಹೋಗುವುದು ಅವನಿಗೆ.

ನಾನು ಅವರಿಗೆ ಕಾಯಿದೆಯ ಮಗಳ ವಿಷಯ ಹೇಳಿದೆ. "ನನಗೆ ಇಬ್ಬರೂ ಗಂಡುಮಕ್ಕಳೇ, ಬಚಾವಾದೆ" ಎಂದು ನಕ್ಕರು. ಕಾರನ್ನು ಮಾತ್ರ ಮಾರಲಿಲ್ಲ. ಈಗ ಅದನ್ನು ಮರದಿಂದ ದೂರ, ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ನಿಲ್ಲಿಸುತ್ತಾರೆ.